ತನ್ನ ಗೋಡೆಯ ಮೇಲಿನ ಚಿತ್ರವನ್ನೇ ಹರಾಜಿನಲ್ಲಿ ಕೊಂಡ ಊರು

2022ರ ಅಕ್ಟೋಬರ್ 19ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜುಮನೆಯಲ್ಲಿ ಒಂದು ತೈಲಚಿತ್ರ ಮಾರಾಟವಾಯಿತು. ಎತ್ತರ ಸುಮಾರು 71 ಸೆಂಟಿಮೀಟರ್, ಅಗಲ 91. ಸುತ್ತಿಗೆ ಬಿದ್ದದ್ದು 66 ಲಕ್ಷ ಪೌಂಡಿಗೆ. ಕೊಳ್ಳುವವರು ಹರಾಜುಮನೆಗೆ ಕೊಡಬೇಕಾದ ಶುಲ್ಕವೂ ಸೇರಿ ಲೆಕ್ಕ 78 ಲಕ್ಷ ಪೌಂಡ್ ದಾಟಿತು. ಇಂಗ್ಲೆಂಡಿನ ಚಿತ್ರಕಾರ ಎಲ್. ಎಸ್. ಲೌರಿ ಅವರ ಯಾವ ಚಿತ್ರಕ್ಕೂ ಅಲ್ಲಿಯತನಕ ಅಷ್ಟು ಬೆಲೆ ಬಂದಿರಲಿಲ್ಲ. ಕೊಂಡವರು ಯಾರೋ ಹೊಸಬರಲ್ಲ. ಇಪ್ಪತ್ತೆರಡು ವರ್ಷಗಳಿಂದ ಆ ಚಿತ್ರ ಯಾರ ಗೋಡೆಯ ಮೇಲೆ ತೂಗಿತ್ತೋ ಅವರೇ, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫೋರ್ಡ್ ನಗರದ ಲೌರಿ ಕಲಾಕೇಂದ್ರದವರು.

ಚಿತ್ರದ ಹೆಸರು ‘ಗೋಯಿಂಗ್ ಟು ದ ಮ್ಯಾಚ್’, ಬರೆದದ್ದು 1953ರಲ್ಲಿ. ಫುಟ್‌ಬಾಲ್ ಕುರಿತ ಚಿತ್ರಗಳಲ್ಲಿ ಇಂಗ್ಲೆಂಡಿನ ಜನ ಇದನ್ನು ಪ್ರೀತಿಸಿದಷ್ಟು ಬೇರೊಂದನ್ನು ಪ್ರೀತಿಸಿದಂತಿಲ್ಲ. ಅಂಥ ಚಿತ್ರ ಕಲಾವಿದನ ಸ್ವಂತ ಊರಿನಲ್ಲಿ, ಅವನ ಹೆಸರಿನದೇ ಕಟ್ಟಡದಲ್ಲಿ, ಟಿಕೆಟ್ ಇಲ್ಲದೆ ಎಲ್ಲರಿಗೂ ನೋಡಸಿಗುತ್ತಿದ್ದಾಗ, ಅದು ಕೈತಪ್ಪುವ ಹಂತಕ್ಕೆ ಹೋದದ್ದು ಹೇಗೆ? ಊರಿನ ಕಲಾವಿದನ ಕೆಲಸವನ್ನು ಊರಲ್ಲೇ ತೋರಿಸಬೇಕೆನ್ನುವ ಯಾವ ಸಂಸ್ಥೆಯೂ ಈ ಪ್ರಕರಣವನ್ನು ಬಿಡಿಬಿಡಿಯಾಗಿ ನೋಡಲೇಬೇಕು. ಒಂದು ಚಿತ್ರ ಪ್ರದರ್ಶನದಲ್ಲಿರುವುದಕ್ಕೂ ಅದು ಊರಿನದಾಗಿರುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಚಿತ್ರದಲ್ಲಿರುವುದು, ಇಲ್ಲದಿರುವುದು

ಫುಟ್‌ಬಾಲ್ ಚಿತ್ರ ಎಂದು ಹೋಗಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಚೆಂಡಿಲ್ಲ ಎಂಬುದು. ಆಟಗಾರರೂ ಇಲ್ಲ. ಇರುವುದು ಜನ. ಕೆಳಗಿನಿಂದ, ಎಡದಿಂದ, ಬಲದಿಂದ ಬಂದು ಮೈದಾನದ ಕಡೆಗೆ ಹರಿಯುತ್ತಿದ್ದಾರೆ. ಬಹುತೇಕರು ಮುಂದಕ್ಕೆ ಬಾಗಿದ್ದಾರೆ. ಎದುರುಗಾಳಿಗೋ ಆತುರಕ್ಕೋ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಉದ್ದ ಕೋಟು, ಟೋಪಿ, ಕೆಳಗೆ ಎರಡು ಕಡ್ಡಿಗಳ ಹಾಗೆ ಕಾಲು. ಮೈದಾನದೊಳಗೆ ಆಗಲೇ ಸೇರಿಕೊಂಡವರು ಬರೀ ಚುಕ್ಕೆಗಳು. ಆಚೆಗೆ ಸಾಲುಮನೆಗಳು, ಅವುಗಳಾಚೆ ಮಬ್ಬಿನಲ್ಲಿ ಕಾರ್ಖಾನೆಯ ಚಿಮಣಿಗಳು.

ಹತ್ತಿರ ಹೋದಂತೆ ಇನ್ನೊಂದು ಸಂಗತಿ ತಿಳಿಯುತ್ತದೆ. ದೂರದಿಂದ ಒಂದೇ ಮುದ್ದೆಯಾಗಿ ಕಂಡ ಗುಂಪಿನಲ್ಲಿ ಒಬ್ಬರ ನಡಿಗೆ ಇನ್ನೊಬ್ಬರದಲ್ಲ. ಅಲ್ಲೊಂದು ಇಲ್ಲೊಂದು ಕೆಂಪು ಕಣ್ಣಿಗೆ ತಗಲುತ್ತದೆ. ಲೌರಿ ಬಳಸುತ್ತಿದ್ದದ್ದು ಐದೇ ಬಣ್ಣ: ಐವರಿ ಬ್ಲ್ಯಾಕ್, ವರ್ಮಿಲಿಯನ್, ಪ್ರಶಿಯನ್ ಬ್ಲೂ, ಯೆಲ್ಲೊ ಓಕರ್, ಫ್ಲೇಕ್ ವೈಟ್. ಎಣ್ಣೆಬಣ್ಣಕ್ಕೆ ಬೇರೆ ಏನನ್ನೂ ಬೆರೆಸುತ್ತಿರಲಿಲ್ಲ. ಬಿಳಿಯನ್ನು ಪದರ ಪದರವಾಗಿ ಹಚ್ಚಿ, ವರ್ಷಗಳು ಕಳೆದಂತೆ ಅದು ತಾನಾಗಿ ಕೆನೆಬಣ್ಣಕ್ಕೆ ತಿರುಗುತ್ತದೆ ಎಂದು ಗೊತ್ತಿದ್ದೇ ಹಚ್ಚುತ್ತಿದ್ದರು. ಆ ಬಿಳಿಯ ಹಿನ್ನೆಲೆಯಿಂದಾಗಿಯೇ ಒಂದೊಂದು ಸಣ್ಣ ಕಪ್ಪು ಆಕೃತಿಯೂ ಎದ್ದು ಕಾಣುತ್ತದೆ.

ಈ ಬಿಳಿ ಅವರಿಗೆ ಮೊದಲಿನಿಂದಲೂ ಒಲಿದಿರಲಿಲ್ಲ. 1921ರಲ್ಲಿ ಅವರ ಕೆಲಸ ಮ್ಯಾಂಚೆಸ್ಟರಿನ ಒಂದು ವಾಸ್ತುಶಿಲ್ಪಿಯ ಕಚೇರಿಯಲ್ಲಿ ಪ್ರದರ್ಶನಗೊಂಡಾಗ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ವಿಮರ್ಶೆ ಬರೆದವರು ಬರ್ನಾರ್ಡ್ ಟೇಲರ್. ಚಿತ್ರಗಳು ತೀರ ಕತ್ತಲೆ ಎಂದು ಲೌರಿಗೆ ನೇರವಾಗಿ ಹೇಳಿದವರೂ ಅವರೇ. ಲೌರಿ ಸಿಟ್ಟಿನಿಂದಲೇ ಬಿಳಿ ನೆಲದ ಮೇಲೆ ಬರೆದು ತಂದು ತೋರಿಸಿದರು, ಆಮೇಲೆ ಮಾತು ಸರಿಯೆಂದು ಒಪ್ಪಿಕೊಂಡರು. ಒಬ್ಬ ಸ್ಥಳೀಯ ವಿಮರ್ಶಕ, ಒಂದು ಸ್ಥಳೀಯ ಪ್ರದರ್ಶನ: ಮೂವತ್ತೆರಡು ವರ್ಷಗಳ ನಂತರದ ಈ ಚಿತ್ರದ ಬೆಳಕಿಗೆ ಬೇರು ಅಲ್ಲಿದೆ. ಊರಿನ ಸಣ್ಣ ಪ್ರದರ್ಶನಗಳನ್ನು ಹಗುರವಾಗಿ ಕಾಣುವವರಿಗೆ ಇದನ್ನು ನೆನಪಿಸಬೇಕು ಅನ್ನಿಸುತ್ತದೆ.

ಬಾಡಿಗೆ ವಸೂಲಿಯ ಕಣ್ಣು

ಲೌರಿ ಹುಟ್ಟಿದ್ದು 1887ರ ನವೆಂಬರ್ 1ರಂದು, ಮ್ಯಾಂಚೆಸ್ಟರ್ ಪಕ್ಕದ ಸ್ಟ್ರೆಟ್‌ಫರ್ಡಿನಲ್ಲಿ. ಮನೆಯ ಹಣಕಾಸು ಕೆಟ್ಟ ಮೇಲೆ, 1909ರಲ್ಲಿ, ಕುಟುಂಬ ಪೆಂಡಲ್‌ಬರಿಗೆ ಬಂತು. ಈಗ ಅದು ಸಾಲ್ಫೋರ್ಡ್ ನಗರದ ಭಾಗ. ಆಗ ಗಿರಣಿ, ಗಣಿ, ಸಾಲುಮನೆಗಳ ಊರು. 1948ರವರೆಗೂ ಅವರ ಮನೆ ಅಲ್ಲಿಯೇ. ಹಗಲು ಪಾಲ್ ಮಾಲ್ ಪ್ರಾಪರ್ಟಿ ಕಂಪನಿಗೆ ಮನೆ ಮನೆ ಸುತ್ತಿ ಬಾಡಿಗೆ ವಸೂಲಿ, ರಾತ್ರಿ ಚಿತ್ರ. ಮ್ಯಾಂಚೆಸ್ಟರಿನಲ್ಲಿ ಅಡಾಲ್ಫ್ ವ್ಯಾಲೆಟ್ ಬಳಿ, ಆಮೇಲೆ ಸಾಲ್ಫೋರ್ಡಿನ ಕಲಾಶಾಲೆಯಲ್ಲಿ ಕಲಿತರು. ವರ್ಷಗಟ್ಟಲೆ ಕಲಿತವರನ್ನು ‘ಭಾನುವಾರದ ಚಿತ್ರಕಾರ’ ಎಂದು ಕರೆದದ್ದು ಅನ್ಯಾಯ. ನೌಕರಿಯ ವಿಷಯವನ್ನು ಅವರು ಹೊರಗೆ ಹೇಳಿಕೊಳ್ಳದಿದ್ದದ್ದೂ ಇಂಥ ಹಣೆಪಟ್ಟಿಗೆ ಹೆದರಿಯೇ.

ನಿವೃತ್ತರಾದದ್ದು 1952ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ. ಮರುವರ್ಷ ಈ ಚಿತ್ರ. ನಾಲ್ಕು ದಶಕ ಬೀದಿಯಲ್ಲಿ ನಡೆದು, ಬಾಗಿಲು ತಟ್ಟಿ, ಜನರ ನಡಿಗೆಯನ್ನು ನೋಡಿದ ಮನುಷ್ಯ ಫುಟ್‌ಬಾಲ್ ಬರೆಯಿರಿ ಅಂದರೆ ಬೀದಿಯನ್ನೇ ಬರೆಯುತ್ತಾನೆ. ಅವರು ಮ್ಯಾಂಚೆಸ್ಟರ್ ಸಿಟಿ ತಂಡದ ಅಭಿಮಾನಿ. ಆದರೆ ಚಿತ್ರದಲ್ಲಿರುವುದು ಸಿಟಿಯ ಮೈದಾನವಲ್ಲ, ಬೋಲ್ಟನ್ ವಾಂಡರರ್ಸ್ ತಂಡದ ಬರ್ನ್‌ಡೆನ್ ಪಾರ್ಕ್. ಪೆಂಡಲ್‌ಬರಿಯಿಂದ ಹತ್ತು ಮೈಲಿಯೊಳಗಿನ ಜಾಗ. ತಾನು ಬೆಂಬಲಿಸುವ ತಂಡ ಯಾವುದು ಎಂಬುದಕ್ಕಿಂತ ಶನಿವಾರದ ಮಧ್ಯಾಹ್ನ ಗಿರಣಿಯ ಕೆಲಸ ಮುಗಿಸಿದ ಜನ ಯಾವ ಕಡೆ ನಡೆಯುತ್ತಾರೆ ಎಂಬುದೇ ಅವರಿಗೆ ಮುಖ್ಯವಾಗಿತ್ತು.

ಬರ್ನ್‌ಡೆನ್ ಪಾರ್ಕಿಗೆ ಆ ದಿನಗಳಲ್ಲಿ ಇನ್ನೊಂದು ನೆನಪೂ ಅಂಟಿಕೊಂಡಿತ್ತು. 1946ರ ಮಾರ್ಚ್ 9ರಂದು ಸ್ಟೋಕ್ ಸಿಟಿ ವಿರುದ್ಧದ ಎಫ್‌ಎ ಕಪ್ ಪಂದ್ಯಕ್ಕೆ ಮೈದಾನ ಹಿಡಿಯಲಾರದಷ್ಟು ಜನ ನುಗ್ಗಿದರು. ಬಾಗಿಲು ಮುಚ್ಚಿದ ಮೇಲೂ ಗೋಡೆ ಹತ್ತಿ ಒಳಬಂದರು. ರೈಲ್ವೆ ದಂಡೆಯ ಕಡೆಯ ಮೆಟ್ಟಿಲುಗಳಲ್ಲಿ ತಡೆಕಂಬಿಗಳು ಮುರಿದು 33 ಜನ ಸತ್ತರು. ಚಿತ್ರ ಅದರ ಬಗ್ಗೆ ಏನೂ ಹೇಳುವುದಿಲ್ಲ. ಹೇಳಿದೆ ಎಂದು ನಾನೂ ವಾದಿಸುವುದಿಲ್ಲ. ಆದರೆ ಏಳೇ ವರ್ಷಗಳ ನಂತರ, ಅದೇ ಮೈದಾನದ ಬಾಗಿಲಿಗೆ ನುಗ್ಗುತ್ತಿರುವ ಗುಂಪನ್ನು ನೋಡಿದ ಲ್ಯಾಂಕಷೈರಿನ ಯಾರಿಗಾದರೂ ಆ ದಿನ ನೆನಪಾಗದೆ ಇದ್ದೀತೇ? 1953ರ ಮೇ 2ರಂದು ಇದೇ ಬೋಲ್ಟನ್ ತಂಡ ವೆಂಬ್ಲಿಯಲ್ಲಿ 3-1ರ ಮುನ್ನಡೆ ಕೈಬಿಟ್ಟು ಬ್ಲ್ಯಾಕ್‌ಪೂಲ್‌ಗೆ 4-3ರಿಂದ ಸೋತಿತು. ಬ್ಲ್ಯಾಕ್‌ಪೂಲ್ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ಹೆಸರಿನಿಂದಲೇ ಇಂದಿಗೂ ಕರೆಯುವ ಎಫ್‌ಎ ಕಪ್ ಫೈನಲ್ ಅದು. ಆ ವರ್ಷ ಬೋಲ್ಟನ್ನಿನ ಮೈದಾನವೆಂದರೆ ದುಃಖವೂ ಹೆಮ್ಮೆಯೂ ಒಟ್ಟಿಗೆ ಇದ್ದ ಜಾಗ. ದೂರದ ಊರಿನ ಗೋಡೆಗೆ ಹೋದರೆ ಚಿತ್ರ ಕಳೆದುಕೊಳ್ಳುವುದು ಇದನ್ನೇ. ಬಣ್ಣ, ರೇಖೆ ಹಾಗೇ ಇರುತ್ತವೆ, ನೋಡುವವರ ಎದೆಯಲ್ಲಿ ಅದಕ್ಕೆ ಜೋಡಿಯಾಗುವ ಸಂಗತಿಗಳು ಇರುವುದಿಲ್ಲ.

ಚಿತ್ರ ಹುಟ್ಟಿದ್ದು ಒಂದು ಸ್ಪರ್ಧೆಗಾಗಿ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಸ್ಥಾಪನೆಯಾದದ್ದು. ತೊಂಬತ್ತು ವರ್ಷ ತುಂಬಿದ ನೆಪದಲ್ಲಿ ಆರ್ಟ್ಸ್ ಕೌನ್ಸಿಲ್ ಜೊತೆ ಸೇರಿ ‘ಫುಟ್‌ಬಾಲ್ ಅಂಡ್ ದ ಫೈನ್ ಆರ್ಟ್ಸ್’ ಎಂಬ ಸ್ಪರ್ಧೆ, ಪ್ರದರ್ಶನ ನಡೆಸಿತು. ಬಹುಮಾನ ಪಡೆದ ಚಿತ್ರಗಳಲ್ಲಿ ಇದೂ ಒಂದು. ಕ್ರೀಡಾಸಂಸ್ಥೆಯೊಂದು ಕಲಾವಿದರನ್ನು ಕರೆದು, ನಮ್ಮ ಆಟವನ್ನು ನಿಮ್ಮ ಕಣ್ಣಿಂದ ತೋರಿಸಿ ಎಂದು ಕೇಳಿದ್ದರ ಫಲ ಇಷ್ಟು ದೂರ ಬರುತ್ತದೆಂದು ಆಗ ಯಾರೂ ಎಣಿಸಿರಲಾರರು.

ಆಟಗಾರರ ಹಣ, ಊರಿನ ಗೋಡೆ

1999ರಲ್ಲಿ ಚಿತ್ರ ಹರಾಜಿಗೆ ಬಂದಾಗ ಕೊಂಡದ್ದು ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘ, ಪಿಎಫ್‌ಎ. ಬೆಲೆ 19 ಲಕ್ಷ ಪೌಂಡ್. ಆಗ ಸಂಘದ ಮುಖ್ಯಸ್ಥರಾಗಿದ್ದ ಗಾರ್ಡನ್ ಟೇಲರ್ 1960ರ ದಶಕದಲ್ಲಿ ಬೋಲ್ಟನ್ ವಾಂಡರರ್ಸ್ ಆಟಗಾರ. ಚಿತ್ರದ ಜನ ಯಾವ ಮೈದಾನಕ್ಕೆ ನಡೆಯುತ್ತಿದ್ದಾರೋ ಅದೇ ಹುಲ್ಲಿನ ಮೇಲೆ ಓಡಿದವರು. 1997ರಲ್ಲಿ ಬೋಲ್ಟನ್ ತಂಡ ಹೊಸ ಕ್ರೀಡಾಂಗಣಕ್ಕೆ ಹೋಗಿಯಾಗಿತ್ತು, ಹಳೆಯ ಮೈದಾನಕ್ಕೆ ಉಳಿಗಾಲವಿರಲಿಲ್ಲ. ಆಟಗಾರರ ಸಂಘ ಆಟದ ಚಿತ್ರವನ್ನು ಕೊಂಡದ್ದು ಆಗ ಕೆಲವರಿಗೆ ದುಂದುವೆಚ್ಚವಾಗಿ ಕಂಡಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಸರಿಯೆನಿಸುವ ಕೆಲಸಗಳಲ್ಲಿ ಅದೊಂದು.

ಇನ್ನೂ ಸರಿಯಾದದ್ದು ಮುಂದಿನ ಹೆಜ್ಜೆ. 2000ದ ಏಪ್ರಿಲ್‌ನಲ್ಲಿ ಸಾಲ್ಫೋರ್ಡಿನ ಹಳೆಯ ಹಡಗುಕಟ್ಟೆಯ ಜಾಗದಲ್ಲಿ, ಮೈಕಲ್ ವಿಲ್‌ಫೋರ್ಡ್ ವಿನ್ಯಾಸದ ಲೌರಿ ಕೇಂದ್ರ ತೆರೆಯಿತು. ಎರಡು ರಂಗಮಂದಿರ, ಜೊತೆಗೆ ಗ್ಯಾಲರಿಗಳು. 1936ರಿಂದಲೇ ಲೌರಿ ಅವರ ಕೆಲಸವನ್ನು ಸಂಗ್ರಹಿಸುತ್ತಾ ಬಂದಿದ್ದ ಸಾಲ್ಫೋರ್ಡ್ ನಗರದ ಬಳಿ ನೂರಾರು ಚಿತ್ರ, ರೇಖಾಚಿತ್ರಗಳಿದ್ದವು. ಅವೆಲ್ಲ ಇಲ್ಲಿಗೆ ಬಂದವು. ಪಿಎಫ್‌ಎ ತನ್ನ ಚಿತ್ರವನ್ನು ಎರವಲಾಗಿ ಇಲ್ಲಿ ತೂಗಿಹಾಕಲು ಕೊಟ್ಟಿತು. ಕೇಂದ್ರದಿಂದ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಓಲ್ಡ್ ಟ್ರ್ಯಾಫರ್ಡ್ ಕ್ರೀಡಾಂಗಣ ನಡೆದು ಹೋಗುವಷ್ಟು ಹತ್ತಿರ. ಪಂದ್ಯದ ದಿನ ಅಭಿಮಾನಿಗಳು ಚಿತ್ರದ ಮುಂದೆ ನಿಂತು, ಆಮೇಲೆ ತಾವೂ ಹಾಗೆಯೇ ಪಂದ್ಯಕ್ಕೆ ನಡೆಯಬಹುದಿತ್ತು. ಗ್ಯಾಲರಿಗೆ ಪ್ರವೇಶಧನ ಇರಲಿಲ್ಲ. ಕಲಾಕೇಂದ್ರಗಳ ಮೆಟ್ಟಿಲು ಹತ್ತಲು ಹಿಂಜರಿಯುವ ಎಷ್ಟೋ ಜನರಿಗೆ ಇದೊಂದು ಚಿತ್ರ ಒಳಗೆ ಬರಲು ಕಾರಣವಾಯಿತು.

ಸಂಗ್ರಹದ ಉಳಿದ ಚಿತ್ರಗಳು ನಗರದ ಸ್ವತ್ತು. ಎಲ್ಲಕ್ಕಿಂತ ಹೆಸರಾದ ಇದು ಮಾತ್ರ ಬೇರೆಯವರದ್ದು. ಗೋಡೆಯ ಮೇಲಿನ ಸಣ್ಣ ಫಲಕದ ಕೊನೆಯ ಸಾಲನ್ನು ಓದುವ ಅಭ್ಯಾಸವಿಲ್ಲದವರಿಗೆ ಈ ವ್ಯತ್ಯಾಸ ತಿಳಿಯುವ ಹಾಗೇ ಇರಲಿಲ್ಲ.

ಬಿರುಕು ಬಿಟ್ಟ ಜಾಗ

ತೊಂದರೆ ಶುರುವಾದದ್ದು ಕಲೆಗೆ ಸಂಬಂಧವೇ ಇಲ್ಲದ ಕಡೆಯಿಂದ. ಪಿಎಫ್‌ಎಯಲ್ಲಿ ಕಾರ್ಮಿಕ ಸಂಘದ ಕೆಲಸವೂ ದತ್ತಿಕಾರ್ಯವೂ ಹೆಣೆದುಕೊಂಡಿದ್ದವು. 2020ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ದತ್ತಿಸಂಸ್ಥೆಗಳ ಮೇಲೆ ನಿಗಾ ಇಡುವ ಚಾರಿಟಿ ಕಮಿಷನ್ ದತ್ತಿ ಭಾಗದ ಬಗ್ಗೆ ಅಧಿಕೃತ ತನಿಖೆ ಆರಂಭಿಸಿತು. ಕೊನೆಗೆ ಎರಡೂ ಬೇರೆಯಾದವು. ದತ್ತಿಸಂಸ್ಥೆ ‘ಪ್ಲೇಯರ್ಸ್ ಫೌಂಡೇಷನ್’ ಎಂದು ಹೊಸ ಹೆಸರು ಪಡೆಯಿತು, ಚಿತ್ರ ಅದರ ಪಾಲಿನ ಆಸ್ತಿಯಾಗಿತ್ತು. ಬೇರೆಯಾದ ಮೇಲೆ ತನಗೆ ಖಚಿತ ಆದಾಯವಿಲ್ಲ, ಮಾಜಿ ಆಟಗಾರರಿಗೆ ನೆರವಾಗುವ ಕೆಲಸ ನಡೆಯಬೇಕಾದರೆ ಆಸ್ತಿಗಳನ್ನು ಮರುಹೊಂದಿಸಿಕೊಳ್ಳಬೇಕು ಎಂದು ಫೌಂಡೇಷನ್ ಹೇಳಿತು. 2022ರಲ್ಲಿ ಕ್ರಿಸ್ಟೀಸ್ ಪ್ರಕಟಣೆ ಬಂತು, ಅಂದಾಜು 50ರಿಂದ 80 ಲಕ್ಷ ಪೌಂಡ್.

ಫೌಂಡೇಷನ್ನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ತಪ್ಪು. ದತ್ತಿಸಂಸ್ಥೆಯ ಟ್ರಸ್ಟಿಗಳ ಕರ್ತವ್ಯ ತಮ್ಮ ಫಲಾನುಭವಿಗಳ ಕಡೆಗೆ. ಇಲ್ಲಿ ಫಲಾನುಭವಿಗಳೆಂದರೆ ಫುಟ್‌ಬಾಲ್ ಆಟಗಾರರು, ಅವರಲ್ಲಿ ಆಟ ಮುಗಿದ ಮೇಲೆ ಕಷ್ಟಕ್ಕೆ ಸಿಕ್ಕವರು. ಸಾಲ್ಫೋರ್ಡಿನ ನೋಡುಗರಲ್ಲ. ಬೇರೊಂದು ಸಂಸ್ಥೆಗೆ ಅನುಕೂಲವಾಗಲಿ ಎಂದು ಕೋಟಿಗಟ್ಟಲೆ ಬೆಲೆಯ ಆಸ್ತಿಯನ್ನು ಅಗ್ಗಕ್ಕೆ ಬಿಟ್ಟುಕೊಟ್ಟರೆ ಅವರೇ ಉತ್ತರ ಹೇಳಬೇಕು.

ಇಲ್ಲೊಂದು ತಾಂತ್ರಿಕ ಅಂಶವಿದೆ, ಇದರ ಬಗ್ಗೆ ಹೆಚ್ಚಿನ ಚರ್ಚೆ ನಡೆಯಲಿಲ್ಲ. ಬ್ರಿಟನ್ನಿನಲ್ಲಿ ಖಾಸಗಿ ಒಡೆಯರು ಮಹತ್ವದ ಕಲಾಕೃತಿಯನ್ನು ಹರಾಜಿಗೆ ಹಾಕದೆ ನೇರವಾಗಿ ಸಾರ್ವಜನಿಕ ಸಂಗ್ರಹಾಲಯಕ್ಕೆ ಮಾರಿದರೆ ತೆರಿಗೆ ವಿನಾಯಿತಿ ಸಿಗುತ್ತದೆ. ಹೀಗೆ ಉಳಿತಾಯವಾದ ತೆರಿಗೆಯ ಲಾಭವನ್ನು ಮಾರುವವರು, ಕೊಳ್ಳುವವರು ಹಂಚಿಕೊಳ್ಳುತ್ತಾರೆ. ಹೀಗಾಗಿ ಸಂಗ್ರಹಾಲಯಕ್ಕೆ ಬೆಲೆ ಇಳಿಯುತ್ತದೆ, ಒಡೆಯರಿಗೂ ನಷ್ಟವಿಲ್ಲ. ಎಷ್ಟೋ ಚಿತ್ರಗಳು ಸಾರ್ವಜನಿಕರ ಕೈಯಲ್ಲಿ ಉಳಿದಿರುವುದು ಈ ದಾರಿಯಿಂದ. ಆದರೆ ದತ್ತಿಸಂಸ್ಥೆಗೆ ಅಂಥ ತೆರಿಗೆಯೇ ಬೀಳುವುದಿಲ್ಲವಾದ್ದರಿಂದ ಹಂಚಿಕೊಳ್ಳಲು ಏನೂ ಇರುವುದಿಲ್ಲ. ಶ್ರೀಮಂತ ಸಂಗ್ರಾಹಕನೊಬ್ಬನ ಕೈಯಲ್ಲಿದ್ದಿದ್ದರೆ ಊರಿಗೆ ಸಿಗಬಹುದಾಗಿದ್ದ ರಿಯಾಯಿತಿ, ಸದುದ್ದೇಶದ ಸಂಸ್ಥೆಯ ಕೈಯಲ್ಲಿದ್ದುದರಿಂದಲೇ ಸಿಗದಂತಾಯಿತು. ರಫ್ತು ನಿಯಮವೂ ಇಲ್ಲಿ ಪೂರ್ತಿ ನೆರವಿಗೆ ಬರುತ್ತಿರಲಿಲ್ಲ. ವಿದೇಶಕ್ಕೆ ಹೋಗುವ ಮಹತ್ವದ ಕೃತಿಯ ಪರವಾನಗಿಯನ್ನು ಸರ್ಕಾರ ಕೆಲಕಾಲ ತಡೆಹಿಡಿದು, ದೇಶದೊಳಗಿನ ಸಂಸ್ಥೆ ಅಷ್ಟೇ ಬೆಲೆ ಕೊಟ್ಟು ಕೊಳ್ಳಲು ಅವಕಾಶ ಮಾಡಿಕೊಡಬಹುದು. ಆದರೆ ದೇಶದೊಳಗಿನವರೇ ಕೊಂಡು ತಮ್ಮ ಮನೆಯ ಊಟದ ಕೋಣೆಯಲ್ಲಿ ತೂಗಿಹಾಕಿಕೊಂಡರೆ ಯಾವ ನಿಯಮವೂ ತಡೆಯದು.

ಸಾಲ್ಫೋರ್ಡ್ ಮೇಯರ್ ಪಾಲ್ ಡೆನೆಟ್ ಚಿತ್ರ ಸಾರ್ವಜನಿಕರಿಗೆ ಉಚಿತವಾಗಿ ಕಾಣುವಂತೆ ಉಳಿಯಬೇಕೆಂದು ಬಹಿರಂಗವಾಗಿ ಮನವಿ ಮಾಡಿದರು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಇಂಧನದ ಬೆಲೆ ಏರಿ, ಮನೆ ಬಿಸಿಮಾಡಿಕೊಳ್ಳಲು ಜನ ಪರದಾಡುತ್ತಿದ್ದರು. ನಗರಸಭೆ ತನ್ನ ಖಜಾನೆಯಿಂದ ಚಿತ್ರ ಕೊಳ್ಳುವ ಮಾತೇ ಇರಲಿಲ್ಲ, ಇರಬೇಕೂ ಇರಲಿಲ್ಲ.

ದಾರಿ ತೆರೆದದ್ದು ಲಾ ಫ್ಯಾಮಿಲಿ ಚಾರಿಟಬಲ್ ಫೌಂಡೇಷನ್. ಆಂಡ್ರ್ಯೂ ಮತ್ತು ಜೋಯಿ ಲಾ ದಂಪತಿಯ ಈ ಪ್ರತಿಷ್ಠಾನ ಕೊಟ್ಟ ಹಣದಿಂದ ಲೌರಿ ಕೇಂದ್ರ ಹರಾಜಿನಲ್ಲಿ ಕೂಗಿತು, ಗೆದ್ದಿತು. ಚಿತ್ರ ಸಾಲ್ಫೋರ್ಡಿಗೆ ಮರಳಿತು, ಈ ಸಲ ಅತಿಥಿಯಾಗಿ ಅಲ್ಲ.

ಬೆಲೆಯನ್ನು ಬೆಳೆಸಿದವರು ಯಾರು

19 ಲಕ್ಷ 78 ಲಕ್ಷವಾಯಿತು, ಇಪ್ಪತ್ತಮೂರು ವರ್ಷಗಳಲ್ಲಿ ನಾಲ್ಕು ಪಟ್ಟು. ಬ್ರಿಟಿಷ್ ಕಲೆಯ ಮಾರುಕಟ್ಟೆ ಏರಿದ್ದು ನಿಜ. 2011ರಲ್ಲೇ ಲೌರಿ ಅವರ ಇನ್ನೊಂದು ಫುಟ್‌ಬಾಲ್ ಚಿತ್ರ, 1949ರ ‘ದ ಫುಟ್‌ಬಾಲ್ ಮ್ಯಾಚ್’, 56 ಲಕ್ಷ ಪೌಂಡಿಗೆ ಹೋಗಿತ್ತು. ಆದರೆ ಈ ಏರಿಕೆಯಲ್ಲಿ ಸಾಲ್ಫೋರ್ಡಿನ ಪಾಲೂ ದೊಡ್ಡದು ಎಂದೇ ನನ್ನ ನಂಬಿಕೆ. ಇಪ್ಪತ್ತೆರಡು ವರ್ಷ ಚಿತ್ರವನ್ನು ಕಾಪಾಡಿ, ಬೆಳಕು ಹದವಾಗಿಟ್ಟು, ಶಾಲೆಯ ಮಕ್ಕಳನ್ನು ಕರೆತಂದು ತೋರಿಸಿ, ಪೋಸ್ಟ್‌ಕಾರ್ಡಿನಲ್ಲಿ, ಪೋಸ್ಟರಿನಲ್ಲಿ, ಟಿವಿಯಲ್ಲಿ ಕಾಣುವಂತೆ ಮಾಡಿ, ‘ಎಲ್ಲರಿಗೂ ಗೊತ್ತಿರುವ ಚಿತ್ರ’ ಎಂಬ ಹೆಸರನ್ನು ಕಟ್ಟಿದ್ದು ಆ ಕೇಂದ್ರ ಮತ್ತು ಅಲ್ಲಿಗೆ ಬಂದ ಜನ. ಹರಾಜಿನ ದಿನ ಆ ಹೆಸರಿಗೂ ಬೆಲೆ ಕಟ್ಟಲಾಯಿತು. ಕಟ್ಟಿದವರೇ ಅದನ್ನು ತೆರಬೇಕಾಯಿತು.

ದೀರ್ಘಾವಧಿ ಎರವಲು ಒಪ್ಪುವ ಗ್ಯಾಲರಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಒಡೆಯರಿಗೆ ಸುರಕ್ಷಿತ ಗೋಡೆ, ಜನಪ್ರಿಯತೆ. ಗ್ಯಾಲರಿಗೆ ಪ್ರೇಕ್ಷಕರು. ಸಂಬಂಧ ಚೆನ್ನಾಗಿರುವಷ್ಟು ದಿನ ಕಾಗದಪತ್ರದ ಮಾತು ಎತ್ತುವುದು ಅವಿಶ್ವಾಸದಂತೆ ಕಾಣುತ್ತದೆ. ಆದರೆ ಒಡೆಯರ ಮನಸ್ಸು ಬದಲಾಗದಿದ್ದರೂ ಒಡೆಯರೇ ಬದಲಾಗುತ್ತಾರೆ. ಇಲ್ಲಿ ಆದದ್ದು ಅದೇ. 1999ರಲ್ಲಿ ಚಿತ್ರವನ್ನು ಪ್ರೀತಿಯಿಂದ ಕೊಂಡ ವ್ಯವಸ್ಥೆಯೇ 2022ರಲ್ಲಿ ಇರಲಿಲ್ಲ.

ಹಾಗಾದರೆ ಎರವಲು ಪಡೆಯಲೇಬಾರದೇ? ಪಡೆಯಬೇಕು. ಇಲ್ಲದಿದ್ದರೆ ಸಾಲ್ಫೋರ್ಡಿನ ಒಂದಿಡೀ ಪೀಳಿಗೆ ಈ ಚಿತ್ರವನ್ನು ನೋಡುತ್ತಲೇ ಇರಲಿಲ್ಲ. ಆದರೆ ಒಪ್ಪಂದದಲ್ಲಿ ಎರಡು ಸಾಲು ಮೊದಲ ದಿನವೇ ಸೇರಬೇಕು. ಮಾರುವ ಸಂದರ್ಭ ಬಂದರೆ ಮೊದಲು ತೋರಿಸುತ್ತಿರುವ ಗ್ಯಾಲರಿಯನ್ನೇ ಕೇಳಬೇಕು, ಸ್ವತಂತ್ರ ಮೌಲ್ಯಮಾಪಕರು ಹೇಳಿದ ಬೆಲೆಗೆ. ಹಣ ಹೊಂದಿಸಲು ಕನಿಷ್ಠ ಒಂದು ವರ್ಷ ಕಾಲಾವಕಾಶ ಇರಬೇಕು. ಬೆಲೆ ನ್ಯಾಯವಾಗಿದ್ದರೆ ದತ್ತಿಸಂಸ್ಥೆಯ ಟ್ರಸ್ಟಿಗಳಿಗೂ ಇದರಿಂದ ಕರ್ತವ್ಯಭಂಗವಿಲ್ಲ. ಹರಾಜುಮನೆಗೆ ಹೋದ ಹನ್ನೆರಡು ಲಕ್ಷ ಪೌಂಡಿನಷ್ಟು ಶುಲ್ಕದಲ್ಲಿ ಒಂದು ಪಾಲು ಮಾಜಿ ಆಟಗಾರರಿಗೂ ಒಂದು ಪಾಲು ಗ್ಯಾಲರಿಗೂ ಉಳಿಯಬಹುದಿತ್ತು. ವರ್ಷದ ಕಾಲಾವಕಾಶವಿದ್ದರೆ ಲಾಟರಿ ನಿಧಿ, ಸಂಗ್ರಹಾಲಯಗಳ ಖರೀದಿಗೆ ನೆರವಾಗುವ ಆರ್ಟ್ ಫಂಡ್, ಸಾರ್ವಜನಿಕ ದೇಣಿಗೆಗಳ ಬಾಗಿಲು ತಟ್ಟಬಹುದು. ಕೆಲವೇ ವಾರ ಉಳಿದಿದ್ದರೆ ತಟ್ಟಬಹುದಾದದ್ದು ದೊಡ್ಡ ದಾನಿಯೊಬ್ಬರ ಬಾಗಿಲು ಮಾತ್ರ. ಸಾಲ್ಫೋರ್ಡಿಗೆ ಆ ಬಾಗಿಲು ತೆರೆಯಿತು. ಲಾ ದಂಪತಿಯ ಔದಾರ್ಯಕ್ಕೆ ಪೂರ್ಣ ಗೌರವ ಸಲ್ಲಿಸಿಯೂ ಹೇಳುತ್ತೇನೆ, ಅದು ಒಂದು ಕುಟುಂಬದ ತೀರ್ಮಾನ, ಅದನ್ನು ವ್ಯವಸ್ಥೆ ಎಂದು ಕರೆಯಲಾಗದು.

ಲೌರಿ 1976ರ ಫೆಬ್ರವರಿಯಲ್ಲಿ ತೀರಿಕೊಂಡರು. ನೈಟ್ ಪದವಿಯೂ ಸೇರಿ ಸರ್ಕಾರದ ಐದು ಗೌರವಗಳನ್ನು ನಿರಾಕರಿಸಿದವರು, 1965ರಲ್ಲಿ ಸಾಲ್ಫೋರ್ಡ್ ನಗರ ಕೊಟ್ಟ ಪೌರಸನ್ಮಾನವನ್ನು ಸ್ವೀಕರಿಸಿದ್ದರು. ಈಗ ಚಿತ್ರದ ಒಡೆತನ ಲೌರಿ ಕೇಂದ್ರದ್ದು, ಅದೂ ಒಂದು ನೋಂದಾಯಿತ ದತ್ತಿಸಂಸ್ಥೆಯೇ. ಹಾಗಾಗಿ ಪ್ಲೇಯರ್ಸ್ ಫೌಂಡೇಷನ್ನಿಗೆ ಬಂದಂಥ ಇಕ್ಕಟ್ಟು ನಾಳೆ ಇದಕ್ಕೂ ಬರಬಹುದೇ ಎಂದು ಕೇಳುವವರಿದ್ದಾರೆ, ಕೇಳುವುದು ಸರಿಯೂ ಹೌದು. ವ್ಯತ್ಯಾಸ ಒಂದಿದೆ: ಆಟಗಾರರ ಸಂಸ್ಥೆಗೆ ಚಿತ್ರ ಒಂದು ಹೂಡಿಕೆಯೂ ಆಗಿತ್ತು, ಕೇಂದ್ರಕ್ಕೆ ಚಿತ್ರವನ್ನು ತೋರಿಸುವುದೇ ಸ್ಥಾಪನೆಯ ಉದ್ದೇಶಗಳಲ್ಲೊಂದು. ಅಲ್ಲಿ ಮಾರಾಟ ಕರ್ತವ್ಯಕ್ಕೆ ಹೊಂದುತ್ತಿತ್ತು, ಇಲ್ಲಿ ಮಾರಾಟ ಕರ್ತವ್ಯಕ್ಕೆ ಎದುರಾಗುತ್ತದೆ.